ಹಳೆ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ 22: ಮಲೆನಾಡಿನ ಕರೆಂಟು, ನೆಟ್‌ವರ್ಕ್, ನುಡಿ ಕಡತ ಎಲ್ಲ ನೋಡಿಕೊಂಡು

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಟಿಪಿಎಂ 2.0 (ಭದ್ರತಾ ಚಿಪ್) ಕೇಳುತ್ತದೆ, ಹೊಸ ಪ್ರೊಸೆಸರ್ ಕೇಳುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆ, ಅಂಗಡಿಗಳಲ್ಲಿ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಯಂತ್ರಗಳು ಇಷ್ಟಕ್ಕೇ ಹೊರಗುಳಿಯುತ್ತವೆ. ಅಂಥವಕ್ಕೆ ವಿಂಡೋಸ್ ಬದಲು ಹಾಕಿಕೊಳ್ಳುವ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ 22 ಸರಣಿ ಹೊಂದುತ್ತದೆ. ಇದು ಉಬುಂಟು ಎಂಬ ಇನ್ನೊಂದು ಲಿನಕ್ಸ್ ವ್ಯವಸ್ಥೆಯ 24.04 ಆವೃತ್ತಿಯ ಮೇಲೆ ಕಟ್ಟಿದ್ದು. 2024ರ ಜುಲೈನಲ್ಲಿ ಬಂತು, ಭದ್ರತಾ ಅಪ್‌ಡೇಟ್ 2029ರವರೆಗೆ ಸಿಗುತ್ತದೆ. ದುಡ್ಡಿಲ್ಲ, ಲೈಸೆನ್ಸ್ ಕೀಲಿಯೂ ಇಲ್ಲ.

ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂದು ಮೂರು ಆವೃತ್ತಿಗಳಿವೆ. ರ‍್ಯಾಮ್ 4 ಜಿಬಿ ಅಥವಾ ಕಡಿಮೆ ಇದ್ದರೆ ಯೋಚನೆ ಮಾಡದೆ ಮೂರರಲ್ಲಿ ಹಗುರವಾದ ಎಕ್ಸ್‌ಎಫ್‌ಸಿಇ ತೆಗೆದುಕೊಳ್ಳಿ. ಕನಿಷ್ಠ 2 ಜಿಬಿ ಸಾಕೆಂದು ಮಿಂಟ್‌ನವರು ಹೇಳುತ್ತಾರೆ, ಅದು ಡೆಸ್ಕ್‌ಟಾಪ್ ತೆರೆಯುವ ಮಟ್ಟಿಗೆ ನಿಜ. ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದ ಕೂಡಲೇ ಉಸಿರು ಕಟ್ಟುತ್ತದೆ. 32 ಬಿಟ್ ಯಂತ್ರಕ್ಕೆ ಮಿಂಟ್ 22 ಬರುವುದೇ ಇಲ್ಲ.

ಮೊದಲು ನೋಡಬೇಕಾದ್ದು

ಟ್ಯಾಲಿಯಲ್ಲಿ ಲೆಕ್ಕ ಇಡುವ ಅಡಿಕೆ ಮಂಡಿ, ಸೊಸೈಟಿಯವರು ವಿಂಡೋಸ್ ಪೂರ್ತಿ ಬಿಡಬೇಡಿ. ಟ್ಯಾಲಿಗೆ ಲಿನಕ್ಸ್ ಆವೃತ್ತಿ ಇಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವವರಿಗೂ ಇದೇ ಮಾತು. ಪ್ರಿಂಟರಿನ ಮಾದರಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಎಚ್‌ಪಿ ಲೇಸರ್‌ಜೆಟ್ 1020 ಓಡುತ್ತದೆ, ಆದರೆ ಎಚ್‌ಪಿಲಿಪ್ ತಂತ್ರಾಂಶದ ಜೊತೆಗೆ ಪ್ಲಗಿನ್ ಒಂದನ್ನು ನೆಟ್‌ನಿಂದ ಇಳಿಸಬೇಕು. ಆ ಪ್ರಿಂಟರಿಗೆ ಫರ್ಮ್‌ವೇರನ್ನು (ಪ್ರಿಂಟರ್ ಒಳಗೆ ಓಡುವ ತಂತ್ರಾಂಶವನ್ನು) ಹಚ್ಚಿದ ಪ್ರತಿಸಲವೂ ಕಂಪ್ಯೂಟರೇ ತುಂಬಬೇಕು. ಟೈಪಿಂಗ್ ಅಂಗಡಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ತಲೆನೋವಿನದು. ಅದು ಕ್ಯಾನನ್ ಕಂಪನಿಯದೇ ಆದ ಕ್ಯಾಪ್ಟ್ ಎಂಬ ವಿಧಾನ ಬಳಸುತ್ತದೆ, ಮಿಂಟ್‌ನಲ್ಲಿ ತಾನಾಗಿ ಸೇರಿಕೊಳ್ಳುವುದಿಲ್ಲ.

ಐಎಸ್‌ಒ ಕಡತ, ಅಂದರೆ ಇಡೀ ಮಿಂಟ್ ಇರುವ ಕಡತ, 3 ಜಿಬಿಯ ಹತ್ತಿರ ಇರುತ್ತದೆ. ಕರೆಂಟಿನ ಜೊತೆಗೇ ಟವರೂ ಹೋಗುವ ಊರಿನಲ್ಲಿ ಬ್ರೌಸರಿನಿಂದ ಇಳಿಸಲು ಕೂರಬೇಡಿ, ಟೊರೆಂಟ್ ಬಳಸಿ; ನಿಂತಲ್ಲಿಂದಲೇ ಮುಂದುವರಿಯುತ್ತದೆ. ಶಿವಮೊಗ್ಗಕ್ಕೆ ಹೋದಾಗ ಇಳಿಸಿಕೊಂಡು ಬಂದರೂ ಆಯಿತು. ಇಳಿದ ಮೇಲೆ ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ, 7-ಜಿಪ್ (ಮೊದಲೇ ಹಾಕಿಕೊಂಡಿರಬೇಕಾದ ತಂತ್ರಾಂಶ) ಮೆನುವಿನಲ್ಲಿ ಎಸ್‌ಎಚ್‌ಎ-256 ಆರಿಸಿ, ಬಂದ ಸಂಖ್ಯೆಯನ್ನು ಮಿಂಟ್ ತಾಣದ ಸಂಖ್ಯೆಗೆ ಹೋಲಿಸಿ. ಒಂದಕ್ಷರ ಬೇರೆಯಿದ್ದರೂ ಕಡತ ಕೆಟ್ಟಿದೆ ಎಂದೇ ಅರ್ಥ. ಅರ್ಧ ಇನ್‌ಸ್ಟಾಲ್ ಆಗಿ ನಿಲ್ಲುವ ಪ್ರಕರಣಗಳಿಗೆ ಕೆಟ್ಟ ಕಡತವೋ ಕಳಪೆ ಪೆನ್‌ಡ್ರೈವೋ ಕಾರಣವಾಗಿರುವುದು ಸಾಮಾನ್ಯ.

8 ಜಿಬಿ ಪೆನ್‌ಡ್ರೈವ್ ತೆಗೆದುಕೊಂಡು ಬಲೇನಾ ಎಚರ್ ಎಂಬ ತಂತ್ರಾಂಶದಿಂದ ಆ ಕಡತವನ್ನು ಅದಕ್ಕೆ ಬರೆಯಿರಿ. ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ. ಬರೆದು ಮುಗಿದ ಕೂಡಲೇ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?’ ಎಂದು ವಿಂಡೋಸ್ ಕೇಳಬಹುದು. ಕ್ಯಾನ್ಸಲ್ ಒತ್ತಿ. ಹೂಂ ಎಂದರೆ ಮಾಡಿದ್ದೆಲ್ಲ ಹೋಯಿತು.

ಹಳೆ ಡಿಸ್ಕ್ ಮುಟ್ಟದಿರುವುದು ಮೇಲು

ವಿಂಡೋಸ್ ಇರುವ ಡಿಸ್ಕನ್ನೇ ಪಾಲು ಮಾಡಿ ಪಕ್ಕದಲ್ಲಿ ಮಿಂಟ್ ಕೂರಿಸುವುದನ್ನೇ ಎಲ್ಲರೂ ಹೇಳಿಕೊಡುತ್ತಾರೆ. ನಮ್ಮ ಕಡೆಗೆ ಅದು ಒಳ್ಳೆಯ ದಾರಿಯಲ್ಲ. ಪಾರ್ಟಿಶನ್ ಕುಗ್ಗಿಸುವಾಗ ದತ್ತಾಂಶ ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯುತ್ತಿರುತ್ತದೆ. ಆಷಾಢದ ಗಾಳಿಮಳೆಯಲ್ಲಿ ಆ ಹೊತ್ತಿಗೇ ಮೆಸ್ಕಾಂ ಕರೆಂಟು ಹೋದರೆ ವಿಂಡೋಸೂ ಇಲ್ಲ, ಮಿಂಟೂ ಇಲ್ಲ, ಫೋಟೋಗಳೂ ಇಲ್ಲ.

ಅದರ ಬದಲು 240 ಅಥವಾ 256 ಜಿಬಿಯ, ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ಹಳೆ ಹಾರ್ಡ್ ಡಿಸ್ಕಿಗಿಂತ ಚುರುಕಾದ ಡಿಸ್ಕ್) ಒಂದನ್ನು ತನ್ನಿ. ಡೆಸ್ಕ್‌ಟಾಪ್ ಆದರೆ ಯಂತ್ರ ಆಫ್ ಮಾಡಿ, ಹಳೆ ಡಿಸ್ಕಿನ ಡೇಟಾ ಕೇಬಲ್ ಕಿತ್ತಿಟ್ಟು, ಎಸ್‌ಎಸ್‌ಡಿ ಮಾತ್ರ ಜೋಡಿಸಿ ಮಿಂಟ್ ಹಾಕಿ. ಮುಗಿದ ಮೇಲೆ ಹಳೆಯದನ್ನು ಮತ್ತೆ ಸಿಕ್ಕಿಸಿ. ಹಳೆ ಡಿಸ್ಕ್ ಕೀಳಲೇಬೇಕು: ಎರಡೂ ಇದ್ದರೆ ಇನ್‌ಸ್ಟಾಲರ್ ಬೂಟ್‌ಲೋಡರನ್ನು (ಯಂತ್ರ ಹಚ್ಚಿದಾಗ ವ್ಯವಸ್ಥೆಯನ್ನು ಎಬ್ಬಿಸುವ ತಂತ್ರಾಂಶವನ್ನು) ಹಳೆ ಡಿಸ್ಕಿನಲ್ಲೇ ಬರೆದುಬಿಡುವುದುಂಟು. ಡಿವಿಡಿ ಡ್ರೈವ್ ಇರುವ ಲ್ಯಾಪ್‌ಟಾಪಾದರೆ ಎಸ್‌ಎಸ್‌ಡಿಯನ್ನು ಮುಖ್ಯ ಜಾಗಕ್ಕೂ ಹಳೆ ಡಿಸ್ಕನ್ನು ಡಿವಿಡಿ ಜಾಗದ ಕ್ಯಾಡಿಗೂ (ಡಿಸ್ಕ್ ಕೂರಿಸುವ ಚೌಕಟ್ಟಿಗೂ) ಹಾಕಬಹುದು. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ದಪ್ಪದಲ್ಲಿ ಬರುತ್ತದೆ, ಅಳೆದು ತನ್ನಿ. ಹಳೆ ಯಂತ್ರ ಚುರುಕಾಗುವುದರಲ್ಲಿ ಮಿಂಟ್‌ಗಿಂತ ಎಸ್‌ಎಸ್‌ಡಿಯ ಪಾಲೇ ದೊಡ್ಡದು ಎಂಬುದನ್ನೂ ಹೇಳಬೇಕು.

ಒಂದೇ ಡಿಸ್ಕ್ ಸಾಕೆನ್ನುವವರು ಮೊದಲು ಕಡತಗಳ ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ, ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಆಫ್ ಮಾಡಿ, ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಹೇಗೇ ಹಾಕಿದರೂ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಮಿಂಟ್‌ನಿಂದ ಆ ಡಿಸ್ಕ್ ತೆರೆದರೆ ಓದಬಹುದಷ್ಟೇ, ಬರೆಯಲಾಗುವುದಿಲ್ಲ.

ಬೂಟ್, ಪರೀಕ್ಷೆ, ಇನ್‌ಸ್ಟಾಲ್

ಪೆನ್‌ಡ್ರೈವ್ ಸಿಕ್ಕಿಸಿ ಯಂತ್ರ ಹಚ್ಚಿದ ತಕ್ಷಣ ಬೂಟ್ ಮೆನು ಕೀಲಿ ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೀಲಿಯನ್ನು ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್) ಒಳಗೆ ಮೊದಲು ಎನೇಬಲ್ ಮಾಡಬೇಕಾಗಬಹುದು. ಪರದೆ ಕಪ್ಪಾಗಿಯೇ ನಿಂತರೆ ಮತ್ತೆ ಹಚ್ಚಿ, ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ.

ಈಗ ತೆರೆಯುವ ಮಿಂಟ್ ಪೆನ್‌ಡ್ರೈವಿನಿಂದಲೇ ಓಡುತ್ತಿದೆ, ಡಿಸ್ಕಿಗೆ ಇನ್ನೂ ಏನೂ ಬರೆದಿಲ್ಲ. ಇಲ್ಲಿ ಅರ್ಧ ಗಂಟೆ ಕಳೆಯಿರಿ: ವೈಫೈ, ಧ್ವನಿ, ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ, ಮುಚ್ಚಳ ಹಾಕಿ ತೆಗೆದರೆ ಎಚ್ಚರವಾಗುತ್ತದೆಯೇ, ಎಲ್ಲ ನೋಡಿ. ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್‌ಗಳು ಡ್ರೈವರ್ ಇಲ್ಲದೆ ಏಳುವುದಿಲ್ಲ. ಡ್ರೈವರ್ ಇಳಿಸಲು ನೆಟ್ ಬೇಕು. ಆಗ ಮೊಬೈಲನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಮಿಂಟ್ ಅದನ್ನು ತಂತಿಯ ನೆಟ್ ಎಂದೇ ಹಿಡಿಯುತ್ತದೆ.

ಇನ್‌ಸ್ಟಾಲ್ ಐಕಾನ್ ಒತ್ತಿದ ಮೇಲೆ ಭಾಷೆ ಕೇಳುತ್ತದೆ. ಕನ್ನಡವೂ ಇದೆ, ಆದರೆ ಅನುವಾದ ಪೂರ್ತಿಯಾಗಿಲ್ಲದ್ದರಿಂದ ಮೆನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆಗುತ್ತದೆ. ಮೆನು ಇಂಗ್ಲಿಷಿನಲ್ಲಿರಲಿ, ಬರವಣಿಗೆ ಕನ್ನಡದಲ್ಲಿರಲಿ ಎಂಬುದು ನಮ್ಮ ಸಲಹೆ. ಕೀಬೋರ್ಡ್ ಮಾತ್ರ ಇಂಗ್ಲಿಷ್ ಯುಎಸ್ ಇರಲೇಬೇಕು: ಇಲ್ಲಿ ಕನ್ನಡ ಆರಿಸಿದರೆ ಪಾಸ್‌ವರ್ಡ್ ಕನ್ನಡ ಅಕ್ಷರಗಳಲ್ಲಿ ಮೂಡಿ, ಲಾಗಿನ್ ಪರದೆಯಲ್ಲಿ ಸಿಕ್ಕಿಬೀಳುತ್ತೀರಿ. ಎಸ್‌ಎಸ್‌ಡಿ ಒಂದೇ ಇದ್ದರೆ ಇಡೀ ಡಿಸ್ಕ್ ಅಳಿಸುವ ಆಯ್ಕೆ, ಕಾಲವಲಯ ಕೋಲ್ಕತಾ, ಹೆಸರು, ಪಾಸ್‌ವರ್ಡ್. ಎಸ್‌ಎಸ್‌ಡಿಗಾದರೆ ಹತ್ತಿಪ್ಪತ್ತು ನಿಮಿಷದ ಕೆಲಸ, ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಯಂತ್ರದಲ್ಲಿ ಮಲ್ಟಿಮೀಡಿಯಾ ಕೋಡೆಕ್ (ಹಾಡು, ವಿಡಿಯೊ ಓಡಿಸುವ ತಂತ್ರಾಂಶ) ಆಯ್ಕೆಗೆ ಟಿಕ್ ಹಾಕಿದರೆ ಇನ್ನೊಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಗಾಬರಿ ಬೇಡ, ಎನ್‌ರೋಲ್ ಮೋಕ್ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಹಾಗೇ ಮುಂದೆ ಹೋಗಲು ಬಿಟ್ಟರೆ ಎನ್‌ವಿಡಿಯಾದಂಥ ಹೊರಗಿನ ಡ್ರೈವರ್‌ಗಳು ಓಡುವುದಿಲ್ಲ.

ಎರಡೂ ವ್ಯವಸ್ಥೆ ಇಟ್ಟುಕೊಂಡವರಿಗೆ ಗಡಿಯಾರ ಐದೂವರೆ ಗಂಟೆ ಹಿಂದೆಮುಂದೆ ತೋರಿಸಬಹುದು. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಗ್ರೀನಿಚ್ ಸಮಯವೆಂದೂ ಓದುತ್ತವೆ. ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಜಗಳ ಮುಗಿಯುತ್ತದೆ.

ಕನ್ನಡ

ಓದಲು ತೊಂದರೆಯಿಲ್ಲ, ನೋಟೊ ಫಾಂಟ್ ಜೊತೆಗೇ ಬರುತ್ತದೆ. ಗುಬ್ಬಿ, ನವಿಲು, ಲೋಹಿತ್ ಬೇಕಿದ್ದರೆ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಹುಡುಕಿ ಹಾಕಿಕೊಳ್ಳಿ.

ನುಡಿ ಕೀಲಿಮಣೆ ರೂಢಿಯಾದವರು ಅದೇ ಮ್ಯಾನೇಜರಿನಿಂದ ಐಬಸ್ ಮತ್ತು ಐಬಸ್-ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿ. ಇನ್‌ಪುಟ್ ಮೆಥಡ್ ಕಿಟಕಿಯಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಮತ್ತೆ ಬನ್ನಿ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ (ಕಗಪ, ಅಂದರೆ ನುಡಿಯ ಕೀಲಿ ವಿನ್ಯಾಸ) ಎಂಬುದನ್ನು ಸೇರಿಸಿ. ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಒತ್ತಕ್ಷರಕ್ಕೆ ನುಡಿಯಂತೆಯೇ ಎಫ್ ಕೀಲಿ. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೂ ಕಗಪ ಹೆಸರಿನದೊಂದಿದೆ, ಅದಕ್ಕೆ ಮರುಳಾಗಬೇಡಿ: ಹಿಂದಿನ ಅಕ್ಷರ ನೋಡಿ ಸ್ವರವೋ ಸ್ವರಚಿಹ್ನೆಯೋ ಎಂದು ತೀರ್ಮಾನಿಸುವ ಶಕ್ತಿ ಅದಕ್ಕಿಲ್ಲ.

ಹಳೆಯ ನುಡಿ, ಬರಹ ಕಡತಗಳು ತೆರೆದಾಗ ಅರ್ಥವಿಲ್ಲದ ಯುರೋಪಿನ ಅಕ್ಷರಗಳಾಗಿ ಕಂಡರೆ ಕಡತ ಕೆಟ್ಟಿಲ್ಲ. ಅವು ಯೂನಿಕೋಡ್ (ಎಲ್ಲ ಯಂತ್ರಗಳಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಚೂರುಗಳನ್ನು ತೊಡಿಸಿದ ಫಾಂಟ್ ಇದ್ದರೆ ಮಾತ್ರ ಓದಬಹುದು. ನೋಡಲಷ್ಟೇ ಬೇಕಾದರೆ ವಿಂಡೋಸ್‌ನಿಂದ ಆ ಫಾಂಟ್ ಕಡತ ತಂದು ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿ. ತಿದ್ದಿ ಬಳಸುವ ಕಡತಗಳನ್ನು ವಿಂಡೋಸ್ ಇರುವಾಗಲೇ ನುಡಿಯ ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿಡಿ. ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ನೋಡಿ, ಪರಿವರ್ತಕಗಳು ಎಡವುವುದು ಅಲ್ಲೇ.

ಮುಂದಿನ ದಿನಗಳಿಗೆ

ಮೊದಲ ಅಪ್‌ಡೇಟ್ ನೂರಾರು ಎಂಬಿ ಇರುತ್ತದೆ, ಮೊಬೈಲಿನ ದಿನದ ಡೇಟಾ ಬರಿದಾದೀತು. ಬ್ರಾಡ್‌ಬ್ಯಾಂಡ್ ಇರುವಲ್ಲಿಗೆ ಒಯ್ದು ಮಾಡಿಸಿ. ಅದಕ್ಕೆ ಮೊದಲು ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಅಪ್‌ಡೇಟ್ ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಇದು ಕಾಯುವುದು ವ್ಯವಸ್ಥೆಯನ್ನು, ನಿಮ್ಮ ಫೋಟೋ, ಪತ್ರಗಳನ್ನಲ್ಲ. ಅವುಗಳ ಪ್ರತಿ ಬೇರೆ ಡಿಸ್ಕಿನಲ್ಲೇ ಇರಬೇಕು.

ಮಳೆಗಾಲದಲ್ಲಿ ಡೆಸ್ಕ್‌ಟಾಪ್ ಬೀಪ್ ಎಂದು ಕೂಗಿ ಪರದೆ ಬಾರದಿದ್ದರೆ ಮಿಂಟನ್ನು ಬೈಯಬೇಡಿ. ತೇವಕ್ಕೆ ರ‍್ಯಾಮ್ ಕಡ್ಡಿಯ ಚಿನ್ನದ ಬಣ್ಣದ ಅಂಚು ಮಂಕಾಗಿರುತ್ತದೆ. ಪ್ಲಗ್ ಕಿತ್ತು, ಕಡ್ಡಿ ತೆಗೆದು, ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕಟಕ್ ಎನ್ನುವವರೆಗೆ ಒತ್ತಿ ಕೂರಿಸಿ.