ರೆಸಿಪಿ ಆಮೇಲೆ, ಮೊದಲು ಚಾಕು, ಉರಿ, ಉಪ್ಪು

ಅಡುಗೆ ಬರುವುದಿಲ್ಲ ಅನ್ನುವವರು ರೆಸಿಪಿ ವಿಡಿಯೊಗಳನ್ನು ಮಾತ್ರ ರಾಶಿ ರಾಶಿ ನೋಡಿರುತ್ತಾರೆ, ಅಲ್ವಾ? ಕಲಿಯಬೇಕಾದ್ದು ಬೇರೆ: ಹೆಚ್ಚುವುದು, ಉರಿ ನೋಡಿಕೊಳ್ಳುವುದು, ರುಚಿ ನೋಡಿ ಸರಿಮಾಡುವುದು. ಇಷ್ಟು ಕೈಗೆ ಹತ್ತಿದರೆ ಹೊಸ ಅಡುಗೆಗೂ ಗಾಬರಿಯಾಗುವುದಿಲ್ಲ.

ಮೊದಲು ಚಾಕು. ಹೆಚ್ಚುವ ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಮಣೆ ಜಾರುವುದಿಲ್ಲ. ಮೊಂಡು ಚಾಕು ಸೇಫ್ ಅಂತ ತುಂಬಾ ಜನ ನಂಬಿದ್ದಾರೆ, ಆದರೆ ಅದನ್ನು ಜಾಸ್ತಿ ಒತ್ತಬೇಕು, ಒತ್ತುವಾಗಲೇ ಅದು ಜಾರಿ ಬೆರಳಿಗೆ ಬರುವುದು. ಹರಿತವಾದದ್ದನ್ನೇ ಬಳಸಿ. ತರಕಾರಿ ಹಿಡಿದ ಕೈಯ ಬೆರಳ ತುದಿಗಳನ್ನು ಒಳಕ್ಕೆ ಮಡಚಿ. ಉರುಟಾಗಿದ್ದರೆ ಅರ್ಧಕ್ಕೆ ಸೀಳಿ, ಚಪ್ಪಟೆ ಭಾಗ ಕೆಳಗಿಟ್ಟು ಹೆಚ್ಚಿ. ಹೋಳುಗಳು ಒಂದೇ ಗಾತ್ರ ಇರಬೇಕು ಅನ್ನುವುದು ಅಂದಕ್ಕಲ್ಲ. ಇಲ್ಲದಿದ್ದರೆ ಸಣ್ಣವು ಬೆಂದು ಕರಗುವ ಹೊತ್ತಿಗೂ ದೊಡ್ಡವು ಹಸಿಯಾಗೇ ಇರುತ್ತವೆ.

ಒಲೆ ಹಚ್ಚುವ ಮುಂಚೆ ರೆಸಿಪಿ ಕೊನೆಯವರೆಗೆ ಓದಿ, ಎಲ್ಲ ಹೆಚ್ಚಿ ಅಳೆದು ಪಕ್ಕಕ್ಕಿಡಿ. ಅರ್ಧ ಗಾಬರಿ ಇಲ್ಲೇ ಹೋಗುತ್ತದೆ.

ಇನ್ನು ಉರಿ. ಹೆಚ್ಚಿನವರು ಎಡವುವುದು ಇಲ್ಲಿ. ನೀರು 100 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕುದಿಯುತ್ತದೆ. ಮುಚ್ಚಳವಿಲ್ಲದ ಪಾತ್ರೆಯಲ್ಲಿ ಆಮೇಲೆ ಉರಿ ಎಷ್ಟೇ ಜೋರು ಮಾಡಿದರೂ ನೀರು ಬೇಗ ಆವಿಯಾಗುತ್ತದೆ ಅಷ್ಟೇ, ಇನ್ನೂ ಬಿಸಿಯಾಗುವುದಿಲ್ಲ. ಹಾಗಾಗಿ ಕುದಿ ಬಂದ ಕೂಡಲೇ ಉರಿ ತಗ್ಗಿಸಿ. ಹುರಿಯುವ ಲೆಕ್ಕ ಬೇರೆ. ಕಂದು ಬಣ್ಣ, ಘಮ ಚೆನ್ನಾಗಿ ಬರಲು ಸುಮಾರು 140 ಡಿಗ್ರಿಯಾದರೂ ಬೇಕು. ಒದ್ದೆ ತರಕಾರಿಯನ್ನು ಬಾಣಲೆ ತುಂಬ ಸುರಿದರೆ ಅದು ತನ್ನ ನೀರಿನಲ್ಲೇ ಬೇಯುತ್ತಾ ಕೂರುತ್ತದೆ, ಕೆಂಪಗಾಗುವುದು ಎಲ್ಲಿ? ನೀರು ಒರೆಸಿ, ಸ್ವಲ್ಪ ಸ್ವಲ್ಪವೇ ಹಾಕಿ, ಸುಮ್ನೆ ಕೈಯಾಡಿಸುತ್ತಲೇ ಇರಬೇಡಿ. ಈರುಳ್ಳಿ ಐದು ನಿಮಿಷದಲ್ಲಿ ಕಂದಾಗುತ್ತದೆ ಅಂತ ಬರೆದಿದ್ದರೆ ನಂಬಬೇಡಿ. ಸಣ್ಣ ಉರಿಯಲ್ಲಿ ಒಂದೇ ಸಮ ಕಂದಾಗಲು ಅರ್ಧ ಗಂಟೆ ದಾಟಿದರೂ ಆಶ್ಚರ್ಯವಿಲ್ಲ. ಬೆಳ್ಳುಳ್ಳಿ ಬೇಗ ಸೀಯುತ್ತದೆ, ಕೊನೆಗೆ ಹಾಕಿ.

ಎಣ್ಣೆ ಹೊಗೆಯಾಡಿದರೆ ಒಲೆ ಆರಿಸಿ. ಬೆಂಕಿಯೇ ಹತ್ತಿದರೆ ನೀರು ಹಾಕಲೇಬೇಡಿ. ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಿ, ಪೂರ್ತಿ ತಣ್ಣಗಾಗುವ ತನಕ ತೆಗೆಯಬೇಡಿ.

ಉಪ್ಪನ್ನು ಒಂದೇ ಸಲ ಸುರಿಯಬೇಡಿ, ನಡುನಡುವೆ ಹಾಕಿ ರುಚಿ ನೋಡಿ. ಸಾರು ಬತ್ತಿದಂತೆ ಉಪ್ಪು ಜೋರಾಗುತ್ತದೆ, ಅದಕ್ಕೇ ಶುರುವಿನಲ್ಲಿ ಕಡಿಮೆ ಇರಲಿ. ಉಪ್ಪು ಸರಿ ಇದ್ದೂ ಸಪ್ಪೆ ಅನಿಸಿದರೆ ನಾಲ್ಕು ಹನಿ ನಿಂಬೆರಸ ಹಿಂಡಿ. ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಎಲ್ಲವನ್ನೂ ಹೀರುತ್ತದೆ ಅನ್ನುವ ಮಾತು ನೆಚ್ಚಬೇಡಿ, ನೀರೋ ತರಕಾರಿಯೋ ಸೇರಿಸಿ ಪ್ರಮಾಣ ಹೆಚ್ಚಿಸಿ.

ಶುರು ಮಾಡಲು ತರಕಾರಿ ಸೂಪ್ ಒಳ್ಳೆಯದು, ಹೆಚ್ಚುವುದು, ಹುರಿಯುವುದು, ಕುದಿಸುವುದು, ಉಪ್ಪು ಎಲ್ಲವೂ ಅದರಲ್ಲಿದೆ. ಅದನ್ನೇ ಮತ್ತೆ ಮತ್ತೆ ಮಾಡಿ. ಪ್ರತಿ ಸಲ ಒಂದೇ ಒಂದು ವಿಷಯ ಬದಲಿಸಿ, ಯಾವುದರಿಂದ ರುಚಿ ಬದಲಾಯಿತು ಅಂತ ಆಗ ಗೊತ್ತಾಗುತ್ತದೆ.