ಗಟ್ಟ ಹತ್ತಿದ ಬೈಕಿಗೆ ಯಾಕೆ ಏದುಸಿರು?

ಕಾಸರಗೋಡಿನಿಂದ ಹೊರಡುವಾಗ ಬ್ಯಾಗಿಗೆ ತುರುಕಿದ ನೇಂದ್ರಕಾಯಿ ಚಿಪ್ಸಿನ ಪ್ಯಾಕೆಟು ಮಡಿಕೇರಿ ಮುಟ್ಟುವಷ್ಟರಲ್ಲಿ ತಲೆದಿಂಬಿನ ಹಾಗೆ ಉಬ್ಬಿರುತ್ತದೆ. ಒಳಗಿನ ಗಾಳಿ ಹೆಚ್ಚಾದದ್ದಲ್ಲ, ಅದನ್ನು ಹೊರಗಿನಿಂದ ಅದುಮುತ್ತಿದ್ದ ಗಾಳಿಯ ಒತ್ತಡ ಕಡಿಮೆಯಾದದ್ದು. ಪಕ್ಕದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕಿಗೂ ಇದೇ ಕಾರಣಕ್ಕೆ ಏದುಸಿರು.

ನಮ್ಮ ಕಡೆಯ ಹುಡುಗರಿಗೆ ಈ ವಿಷಯ ಹೆಚ್ಚು ಬೇಕು. ಕಡಲಬದಿಯ ಊರಿನಲ್ಲಿ ಟ್ಯೂನ್ ಮಾಡಿಸಿದ ಗಾಡಿ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು ಎಂದು ಸುಳ್ಯದ ತನಕ ಸಲೀಸಾಗಿ ಓಡುತ್ತದೆ. ಸಂಪಾಜೆ ಕಳೆದ ಮೇಲೆ ಪಿಕಪ್ ಇಲ್ಲ. ಊಟಿಗೆ ಹೋದರೆ ಇನ್ನೂ ಕಷ್ಟ. ಕೂಡಲೇ ಸ್ಪಾನರ್ ಹೊರಗೆ ಬರುತ್ತದೆ. ಹತ್ತರಲ್ಲಿ ಎಂಟು ಸಲ ಆ ಸ್ಪಾನರಿನ ಅಗತ್ಯವೇ ಇರುವುದಿಲ್ಲ ಎಂಬುದು ನನ್ನ ಅನುಭವ.

ಮೊದಲು ಏರು ಯಾವುದು, ಎತ್ತರ ಯಾವುದು ನೋಡಿ

ಸಂಪಾಜೆ ಘಾಟಿಯಲ್ಲಿ ಗಾಡಿ ಎಳೆಯದಿದ್ದರೆ ಅದರಲ್ಲಿ ಬಹುಪಾಲು ರಸ್ತೆಯ ಏರಿನದ್ದು, ಹಿಂದೆ ಕುಳಿತವರ ತೂಕದ್ದು. ಎತ್ತರದ ಪಾಲು ಎಷ್ಟೆಂದು ತಿಳಿಯಬೇಕಾದರೆ ಮೇಲೆ ಹೋದ ಮೇಲೆ ಸಮತಟ್ಟಾದ ರಸ್ತೆಯಲ್ಲಿ, ಊರಿನಲ್ಲಿ ಓಡಿಸುವ ಗೇರಿನಲ್ಲೇ ಎಕ್ಸಲೇಟರ್ ಕೊಟ್ಟು ನೋಡಬೇಕು.

ಲೆಕ್ಕ ಸುಲಭ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದಾಗ ಸಾದಾ ಪೆಟ್ರೋಲ್ ಇಂಜಿನ್ನಿನ ಶಕ್ತಿ ಸುಮಾರು ಶೇ. 3ರಷ್ಟು ಇಳಿಯುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹತ್ತರಲ್ಲಿ ಒಂದು ಪಾಲು ಹೋಯಿತು. ಊಟಿ 2,240 ಮೀಟರ್, ಐದರಲ್ಲಿ ಒಂದು ಪಾಲು ಇಲ್ಲ. 2,637 ಮೀಟರಿನ ದೊಡ್ಡಬೆಟ್ಟದ ತುದಿಯಲ್ಲಿ ಹೆಚ್ಚುಕಡಿಮೆ ಕಾಲು ಪಾಲು. ಲಡಾಖಿನ ಖರ್ದುಂಗ್ ಲಾ 5,300 ಮೀಟರ್ ದಾಟುತ್ತದೆ, ಅಲ್ಲಿ ಅರ್ಧ ಇಂಜಿನ್ ಮನೆಯಲ್ಲೇ ಬಿಟ್ಟು ಬಂದ ಹಾಗೆ. ಊರಿನಲ್ಲಿ 14 ಕುದುರೆಗಳ ಶಕ್ತಿಯಿದ್ದ ಬೈಕಿಗೆ ಊಟಿಯಲ್ಲಿ ಹನ್ನೊಂದೇ ಕುದುರೆ ಎಂದಿಟ್ಟುಕೊಳ್ಳಿ.

ಮೇಲೆ ಆಮ್ಲಜನಕ ಇಲ್ಲ ಎನ್ನುತ್ತಾರಲ್ಲ, ಅದು ಅರ್ಧ ಸತ್ಯ. ಗಾಳಿಯಲ್ಲಿ ಆಮ್ಲಜನಕದ ಪಾಲು ಬೇಕಲದಲ್ಲೂ ಶೇ. 21, ದೊಡ್ಡಬೆಟ್ಟದಲ್ಲೂ ಶೇ. 21. ಗಾಳಿಯೇ ತೆಳ್ಳಗೆ, ಅಷ್ಟೇ. 150 ಸಿಸಿ ಇಂಜಿನ್ ಪ್ರತಿ ಸಲವೂ ಹೆಚ್ಚೆಂದರೆ ಅಷ್ಟೇ ಜಾಗದ ಗಾಳಿ ಎಳೆದುಕೊಳ್ಳುತ್ತದೆ. ಆ ಜಾಗದಲ್ಲಿ ತುಂಬುವ ಗಾಳಿಯ ತೂಕ ಕಡಿಮೆ. ಊಟಿಯ ಚಳಿ ಗಾಳಿಯನ್ನು ಸ್ವಲ್ಪ ದಟ್ಟ ಮಾಡಿ ಉಪಕಾರ ಮಾಡುತ್ತದೆ, ಪೂರ್ತಿ ನಷ್ಟ ತುಂಬುವುದಿಲ್ಲ. ಬ್ಯಾಟರಿ ಸ್ಕೂಟರಿನವರಿಗೆ ಈ ತಾಪತ್ರಯವೇ ಇಲ್ಲ, ಮೋಟಾರಿಗೆ ಉಸಿರಾಡುವ ಅಭ್ಯಾಸವಿಲ್ಲ. ಅವರ ಚಿಂತೆ ಚಾರ್ಜಿನದ್ದು.

ನಿಮ್ಮ ಗಾಡಿ ಯಾವ ಕಾಲದ್ದು?

ಮುಂದಿನದ್ದೆಲ್ಲ ಈ ಪ್ರಶ್ನೆಯ ಮೇಲೆ ನಿಂತಿದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳು ಬಹುತೇಕ ಫ್ಯೂಯಲ್ ಇಂಜೆಕ್ಷನ್‌ನವು. ಅವುಗಳಲ್ಲಿ ಸೆನ್ಸರ್ ಗಾಳಿಯ ಒತ್ತಡ ಅಳೆಯುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಚಿಮ್ಮಿಸುತ್ತದೆ. ಹಾಗಾಗಿ ಇಂಜಿನ್ ಉಗ್ಗುವುದಿಲ್ಲ, ಹೊಗೆ ಬಿಡುವುದಿಲ್ಲ. ಆದರೆ ಹೋದ ಶಕ್ತಿ ಹೋದದ್ದೇ. ಇಲ್ಲದ ಗಾಳಿಯನ್ನು ಕಂಪ್ಯೂಟರ್ ಎಲ್ಲಿಂದ ತಂದೀತು? ಕೆಲವು ಬೈಕುಗಳು ಒತ್ತಡವನ್ನು ಕೀ ತಿರುಗಿಸುವಾಗ ಓದಿಕೊಳ್ಳುತ್ತವೆ. ಉದ್ದದ ಘಾಟಿಯಲ್ಲಿ ಚಹಾಕ್ಕೆ ನಿಂತಾಗ ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುವುದು ಒಳ್ಳೆಯದು. ಇಂಜೆಕ್ಷನ್‌ನವರು ಮುಂದಿನ ಸ್ಕ್ರೂ ಪುರಾಣವನ್ನು ದಾಟಿ ‘ಓಡಿಸುವ ಕ್ರಮ’ದ ಭಾಗಕ್ಕೆ ಹೋಗಬಹುದು.

ಕಾರ್ಬೊರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಕಾಲದ ಸಾಧನ ಇರುವ ಬೈಕಿಗೆ ಕಷ್ಟ ಎರಡು ಕಡೆಯಿಂದ. ಗಾಳಿಯ ತೂಕ ಇಳಿದಷ್ಟು ಪೆಟ್ರೋಲ್ ಇಳಿಯುವುದಿಲ್ಲ, ಯಾಕೆಂದರೆ ಪೆಟ್ರೋಲ್ ಬರುವ ಜೆಟ್ಟಿನ ತೂತು ಅಷ್ಟೇ ಇದೆ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಮೇಲೆ ಅಷ್ಟು ಸಿಗದೆ ಮಿಶ್ರಣ ‘ರಿಚ್’ ಆಗುತ್ತದೆ, ಅಂದರೆ ಪೆಟ್ರೋಲ್ ಹೆಚ್ಚು. ಸೈಲೆನ್ಸರಿನಲ್ಲಿ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಐಡ್ಲಿಂಗ್ (ಎಕ್ಸಲೇಟರ್ ಬಿಟ್ಟಾಗಿನ ಇಂಜಿನ್ ಓಟ) ನಿಲ್ಲದೆ ಆಫ್ ಆಗುವುದು, ಮೈಲೇಜ್ ಬೀಳುವುದು ಎಲ್ಲ ಅದರ ಲಕ್ಷಣ. ಅನುಮಾನ ಇದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ತುದಿ ಚಹಾದ ಬಣ್ಣದ್ದಾಗಿದ್ದರೆ ಸರಿ ಇದೆ. ಒಣ ಮಸಿ ಹಿಡಿದಿದ್ದರೆ ರಿಚ್. ಬೂದಿಯಂತೆ ಬೆಳ್ಳಗಿದ್ದರೆ ಲೀನ್, ಅಂದರೆ ಪೆಟ್ರೋಲ್ ಸಾಲದು.

ಸ್ಕ್ರೂ ಮುಟ್ಟುವ ಮೊದಲು

ಒಂದೆರಡು ದಿನ ಮಡಿಕೇರಿಗೋ ಊಟಿಗೋ ಹೋಗಿ ಬರುವುದಾದರೆ ಐಡ್ಲಿಂಗ್ ಸ್ಕ್ರೂ ಸ್ವಲ್ಪ ಏರಿಸಿದರೆ ಸಾಕು, ಸಿಗ್ನಲಿನಲ್ಲಿ ಗಾಡಿ ಆಫ್ ಆಗದಂತೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ಗಾಳಿ-ಪೆಟ್ರೋಲಿನ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ.

ಇಂಜಿನ್ ಆಫ್ ಮಾಡಿ, ಆ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕೂತಿತು ಎಂದು ಎಣಿಸಿ, ಬರೆದಿಡಿ. ಬಿಗಿಯಬೇಡಿ, ತುದಿ ಹಾಳಾಗುತ್ತದೆ. ಮತ್ತೆ ಅಷ್ಟೇ ಸುತ್ತು ಹೊರಗೆ ತಂದು, ಅಲ್ಲಿಂದ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು ಲೀನ್ ಕಡೆಗೆ. ಎತ್ತ ತಿರುಗಿಸಿದರೆ ಲೀನ್ ಎಂಬುದರಲ್ಲೇ ಅನೇಕರು ಎಡವುವುದು. ಸ್ಕ್ರೂ ಏರ್ ಫಿಲ್ಟರಿನ ಬದಿಗಿದ್ದರೆ ಅದು ಗಾಳಿಯದ್ದು, ಹೊರಗೆ ತಿರುಗಿಸಿದರೆ ಲೀನ್. ಇಂಜಿನ್ನಿನ ಬದಿಗಿದ್ದರೆ ಪೆಟ್ರೋಲಿನದ್ದು, ಒಳಗೆ ತಿರುಗಿಸಿದರೆ ಲೀನ್.

ನನ್ನದೇ ಕಥೆ ಹೇಳುತ್ತೇನೆ. ಹಳೆಯ 150 ಸಿಸಿ ಗಾಡಿಯಲ್ಲಿ ಭಾವನನ್ನು ಹಿಂದೆ ಕೂರಿಸಿಕೊಂಡು ಊಟಿಗೆ ಹೋಗಿದ್ದೆ. “ಸ್ವಲ್ಪ ತಿರುಗಿಸು ಮಾರಾಯ, ನಾನೇ ಇಳಿದು ನೂಕುವ ಹಾಗಾಯ್ತು” ಎಂದು ಭಾವನ ವರಾತ. ತಿರುಗಿಸಿದೆ, ಎಣಿಸಲಿಲ್ಲ. ಗಾಡಿ ಅಲ್ಲಿ ಚೆನ್ನಾಗಿಯೇ ಓಡಿತು. ಊರಿಗೆ ಇಳಿದ ಮೇಲೆ ಎಕ್ಸಲೇಟರ್ ಬಿಟ್ಟಾಗಲೆಲ್ಲ ಸೈಲೆನ್ಸರಿನಲ್ಲಿ ಪಟಪಟ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು. ಎರಡು ವಾರ ಪೆಟ್ರೋಲಿಗೆ ಬೈದೆ. ಕೊನೆಗೆ ಮುಳ್ಳೇರಿಯದ ಮೆಕ್ಯಾನಿಕ್ ಅಣ್ಣ ಕಾರ್ಬೊರೇಟರಿಗೆ ಒಂದು ಸಲ ಕಣ್ಣು ಹಾಯಿಸಿ “ಇದನ್ನು ಯಾರು ತಿರುಗಿಸಿದ್ದು?” ಎಂದು ಕೇಳಿದರು. ನಾನು ಭಾವನ ಹೆಸರು ಹೇಳಿದೆ.

ಮೇನ್ ಜೆಟ್ ಬದಲಿಸಿ ಒಂದೆರಡು ನಂಬರ್ ಚಿಕ್ಕದು ಹಾಕುವ ಮಾತು ಲಡಾಖಿಗೆ ಹೋಗುವವರಿಗೆ, ಅದೂ ವಾರಗಟ್ಟಲೆ ಮೇಲೆ ಇರುವವರಿಗೆ. ಆ ಜೆಟ್ಟಿನಲ್ಲೇ ಕೆಳಗೆ ಬಂದು ಹೆದ್ದಾರಿಯಲ್ಲಿ ಎಳೆದರೆ ಇಂಜಿನ್ ಕಾದು ಪಿಸ್ಟನ್ನಿಗೇ ತೂತು ಬಿದ್ದೀತು. ಇನ್ನು ‘ಏರ್ ಫಿಲ್ಟರ್ ತೆಗೆದು ಓಡಿಸಿ, ಗಾಳಿ ಹೆಚ್ಚು ಸಿಗುತ್ತದೆ’ ಎನ್ನುವ ಮಹಾಶಯರು ಎಲ್ಲ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಮಣ್ಣಿನ ಧೂಳು ಸಿಲಿಂಡರಿಗೆ ಹೋದರೆ ಉಜ್ಜುಕಾಗದ ಹಾಕಿ ತಿಕ್ಕಿದ ಹಾಗೆ. ಹೊರಡುವ ಮೊದಲು ಫಿಲ್ಟರ್ ಸ್ವಚ್ಛ ಮಾಡಿಸಿ, ಅಷ್ಟು ಸಾಕು.

ಓಡಿಸುವ ಕ್ರಮ

ಊಟಿಗೆ ಹೋಗುವಾಗ ಗುಂಡ್ಲುಪೇಟೆ, ಬಂಡೀಪುರ ದಾಟಿ ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್, ಹೊತ್ತು ನೋಡಿಕೊಂಡು ಹೊರಡಿ. ಮಸಿನಗುಡಿ ಕಡೆಯಿಂದ ಕಲ್ಲಟ್ಟಿ ಘಾಟಿ ಹತ್ತಿದರೆ 36 ಹೇರ್‌ಪಿನ್ ತಿರುವು, ಕಡಿದಾದ ಏರು. ಗೂಡಲೂರು ದಾರಿ ಉದ್ದ, ಆದರೆ ಇಬ್ಬರು ಕುಳಿತ ಸಣ್ಣ ಗಾಡಿಗೆ ಅದೇ ಲೇಸು.

ಏರಿನಲ್ಲಿ ಇಂಜಿನ್ ನರಳುವ ತನಕ ಕಾಯದೆ ತಿರುವಿಗೆ ಮೊದಲೇ ಒಂದು ಗೇರ್ ಇಳಿಸಿ. ಆರ್‌ಪಿಎಂ ಊರಿಗಿಂತ ಹೆಚ್ಚು ಇರಲಿ. ಅರ್ಧ ಕ್ಲಚ್ ಹಿಡಿದು ಎಳೆಸಿದರೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಓವರ್‌ಟೇಕ್ ಮಾಡುವಾಗ ಊರಿನ ಅಂದಾಜು ಕೈಕೊಡುತ್ತದೆ. ಬಸ್ಸಿನ ಮುಂದೆ ಹೋಗಲು ಬೇಕಾದ ದೂರ ಇಲ್ಲಿ ಹೆಚ್ಚು. ಗಾಳಿ ತಣ್ಣಗಿದ್ದರೂ ತೆಳ್ಳಗಿರುವುದರಿಂದ, ನಿಧಾನವಾಗಿ ಹತ್ತುವ ಏರ್‌ಕೂಲ್ಡ್ ಇಂಜಿನ್ ಬೇಗ ಕಾಯುತ್ತದೆ. ಆಗಾಗ ನಿಲ್ಲಿಸಿ.

ಊಟಿಯ ಡಿಸೆಂಬರ್ ಬೆಳಗಿನಲ್ಲಿ ಚೋಕ್ ಬೇಕು. ಇಂಜಿನ್ ಹಿಡಿದುಕೊಂಡ ಕೂಡಲೇ ಚೋಕ್ ಬಿಟ್ಟುಬಿಡಿ, ಇಲ್ಲವಾದರೆ ಪ್ಲಗ್ ಒದ್ದೆ. ಒದ್ದೆಯಾಗಿದ್ದರೆ ಚೋಕ್ ತೆಗೆದು, ಎಕ್ಸಲೇಟರ್ ಪೂರ್ತಿ ಹಿಡಿದು ಕಿಕ್ ಮಾಡಿ. ಟೈರಿನ ಗಾಳಿ ತೆಗೆಯುವ ಅಗತ್ಯವಿಲ್ಲ: ಎತ್ತರದಿಂದ ಮೀಟರಿನಲ್ಲಿ ಮೂರು ಪಿಎಸ್‌ಐ ಏರಿದರೆ ಚಳಿಯಿಂದ ಎರಡು ಇಳಿದಿರುತ್ತದೆ. ದುಬಾರಿ ಹೈ ಆಕ್ಟೇನ್ ಪೆಟ್ರೋಲೂ ಬೇಡ. ಮೇಲೆ ಸಿಲಿಂಡರಿನ ಒಳಗಿನ ಒತ್ತಡವೇ ಕಡಿಮೆ, ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿದು ಇಂಜಿನ್ ಟಕಟಕ ಎನ್ನುವುದು) ಸಾಧ್ಯತೆಯೂ ಕಡಿಮೆ.

ಇಳಿಯುವಾಗ

ಹತ್ತುವುದಕ್ಕಿಂತ ಇಳಿಯುವುದಕ್ಕೇ ನಾನು ಹೆಚ್ಚು ಹೆದರುವುದು. ಹತ್ತಿದ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಬುದ್ಧಿ ಬೇಡ. ಬ್ರೇಕನ್ನು ಸದಾ ಒತ್ತಿ ಹಿಡಿಯದೆ, ಗಟ್ಟಿಯಾಗಿ ಹಿಡಿದು ಬಿಡುವುದು ಕ್ರಮ. ಡಿಸ್ಕ್ ಬ್ರೇಕಿನ ಎಣ್ಣೆ ನೀರಿನ ಅಂಶ ಹೀರುತ್ತದೆ, ನಮ್ಮ ಕರಾವಳಿಯ ಗಾಳಿಗಂತೂ ಬೇಗ. ಡಾಟ್ 4 ದರ್ಜೆಯ ಎಣ್ಣೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ ಎದ್ದು ಲಿವರ್ ಹ್ಯಾಂಡಲಿಗೇ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ.

ಸ್ಕ್ರೂ ತಿರುಗಿಸಿದ್ದರೆ ಮನೆಯ ತನಕ ಕಾಯಬೇಡಿ. ನಾನೀಗ ಸುಳ್ಯದಲ್ಲಿ ಚಹಾಕ್ಕೆ ನಿಲ್ಲುತ್ತೇನೆ. ಮಡಿಕೇರಿಯಲ್ಲಿ ಮುಚ್ಚಳ ಬಿಗಿದ ನೀರಿನ ಖಾಲಿ ಬಾಟಲಿ ಅಷ್ಟು ಹೊತ್ತಿಗೆ ಬ್ಯಾಗಿನೊಳಗೆ ಚಪ್ಪಟೆಯಾಗಿರುತ್ತದೆ. ಮುಚ್ಚಳ ಸಡಿಲಿಸಿದರೆ ಉಸ್ಸೆಂದು ಗಾಳಿ ಒಳಗೆ ಹೋಗುತ್ತದೆ. ಪರ್ಸಿನಲ್ಲಿಟ್ಟ ಚೀಟಿ ತೆಗೆದು, ಸುತ್ತಿನ ಲೆಕ್ಕ ನೋಡಿ, ಅರ್ಧ ಸುತ್ತು ಹಿಂದಕ್ಕೆ. ಐಡ್ಲಿಂಗ್ ಇಳಿಸಿ ಮತ್ತೆ ಜಾಲ್ಸೂರಿನ ದಾರಿ.