ಒನಕೆ ನಿಂತಿತು ಸರಿ, ಮೊನ್ನೆ ನಿಲ್ಲಿಸಿ ನೋಡಿದ್ರಾ?

ನಾನು ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತ ಕಲಿಸುತ್ತೇನೆ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ಆಯಿತಲ್ಲ, ಅದರ ಮರುದಿನ ಒಂಬತ್ತನೇ ಕ್ಲಾಸಿಗೆ ಹೋದರೆ ಒಬ್ಬ ಹುಡುಗಿ ಎದ್ದು, "ಸರ್, ನಮ್ಮನೇಲಿ ಒನಕೆ ನಿಂತಿತ್ತು, ನಾನೇ ನೋಡಿದೆ" ಅಂದಳು. ತಟ್ಟೆಗೆ ನೀರು ಹಾಕಿ ಮಧ್ಯೆ ಒನಕೆ ಇಟ್ಟರೆ ಗ್ರಹಣ ಇರುವಷ್ಟು ಹೊತ್ತು ನಿಲ್ಲುತ್ತದೆ, ಬಿಟ್ಟ ಮೇಲೆ ಬೀಳುತ್ತದೆ ಅನ್ನೋದು ನಮ್ಮ ಕಡೆ ಹಳೇ ಮಾತು.

ಮೊದಲೆಲ್ಲ ನಾನು "ಅದು ಮೂಢನಂಬಿಕೆ" ಅಂದು ಪಾಠ ಮುಂದುವರಿಸುತ್ತಿದ್ದೆ. ಮಕ್ಕಳು ತಲೆ ಆಡಿಸುತ್ತಿದ್ದರು, ಮನೆಗೆ ಹೋಗಿ ಮತ್ತೆ ಅದನ್ನೇ ನಂಬುತ್ತಿದ್ದರು. ಒಂದು ವರ್ಷ ತರ್ಕದೋಷಗಳ ಹೆಸರುಗಳನ್ನೂ ಬರೆಸಿದ್ದೆ. ಅವು ನೋಟ್ಸಿನಲ್ಲೇ ಉಳಿದವು.

ಈ ಸಲ ಒಂದೇ ಮಾತು ಕೇಳಿದೆ. "ನಿನ್ನೆ ನಿಂತಿತು, ಸರಿ. ಮೊನ್ನೆ ನಿಲ್ಲಿಸಿ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಬೋರ್ಡಿನ ಮೇಲೆ ನಾಲ್ಕು ಮನೆ ಎಳೆದೆ. ಗ್ರಹಣ ಇತ್ತು, ನಿಂತಿತು. ಗ್ರಹಣ ಇತ್ತು, ನಿಲ್ಲಲಿಲ್ಲ. ಗ್ರಹಣ ಇಲ್ಲ, ನಿಂತಿತು. ಗ್ರಹಣ ಇಲ್ಲ, ನಿಲ್ಲಲಿಲ್ಲ. ನಮ್ಮ ಹತ್ತಿರ ತುಂಬಿದ್ದು ಮೊದಲನೇ ಮನೆ ಮಾತ್ರ. ಉಳಿದ ಮೂರೂ ಖಾಲಿ, ಆದರೂ ಇಡೀ ಊರಿಗೆ ಉತ್ತರ ಗೊತ್ತಿತ್ತು.

ಸೋಮವಾರ ಮಕ್ಕಳೇ ಎರಡು ಒನಕೆ ಹೊತ್ತು ತಂದರು. ತಳ ಸವೆದು ಉರುಟಾಗಿದ್ದ ಒನಕೆ ಏನು ಮಾಡಿದರೂ ನಿಲ್ಲಲಿಲ್ಲ. ಇನ್ನೊಂದರ ತಳ ಸಮ ಇತ್ತು. ಅದೂ ಸುಮಾರು ಸಲ ಬಿತ್ತು, ಆಮೇಲೆ ಒಬ್ಬ ಹುಡುಗ ಉಸಿರು ಬಿಗಿಹಿಡಿದು ಮೆಲ್ಲಗೆ ಕೈ ಬಿಟ್ಟ ನೋಡಿ, ನಿಂತೇಬಿಟ್ಟಿತು! ಗುರುತ್ವ ಕೇಂದ್ರದಿಂದ, ಅಂದರೆ ಒನಕೆಯ ಭಾರವೆಲ್ಲ ಒಂದೇ ಕಡೆ ಸೇರಿದಂತಿರುವ ಬಿಂದುವಿನಿಂದ, ಕೆಳಗೆ ಎಳೆದ ಗೆರೆ ತಳದೊಳಗೇ ಬಿದ್ದರೆ ಒನಕೆ ನಿಲ್ಲುತ್ತದೆ, ಅಷ್ಟೇ. ಅದನ್ನು ಆ ದಿನ ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ.

ಆದರೆ ಆ ಹುಡುಗಿ ಬಿಡಲಿಲ್ಲ. "ಗ್ರಹಣದ ಶಕ್ತಿ ಇನ್ನೂ ಉಳಿದಿರಬಹುದು ಸರ್" ಅಂದಳು. ಮಿಕ್ಕವರು ನಕ್ಕರು, ನಾನು ನಗಲಿಲ್ಲ. ನಮ್ಮ ನಂಬಿಕೆ ಬೀಳುವಾಗ ನಾವೆಲ್ಲ ಹೀಗೇ ಒಂದು ಊರುಗೋಲು ಕೊಡುತ್ತೇವೆ, ಅಲ್ವಾ? "ಏನಾದರೆ ನೀನು ಹೇಳಿದ್ದು ತಪ್ಪು ಅಂತ ಒಪ್ಕೋತೀಯ? ಈಗಲೇ ಬರೆದಿಡು" ಅಂದೆ. ಸಂಕ್ರಾಂತಿ ಅಂತ ಬರೆಯಹೊರಟಳು. ಪಕ್ಕದವನು, ಜನವರಿ 10ಕ್ಕೆ ಚಂದ್ರಗ್ರಹಣ ಇದೆ, ಆಗ ಅದರ ಶಕ್ತಿ ಅಂತೀಯ ಅಂತ ನೆನಪಿಸಿದ. ಕೊನೆಗೆ "ಶಿವರಾತ್ರಿ ಆದಮೇಲೂ ನಿಂತರೆ ನಾನು ಹೇಳಿದ್ದು ತಪ್ಪು" ಅಂತ ಬರೆದಳು. ಶಿವರಾತ್ರಿ ಮುಗಿದ ಮೇಲೆ ಅವಳೇ ನಿಲ್ಲಿಸಿದಳು. ನಿಂತಿತು. ಚೀಟಿಯಲ್ಲಿದ್ದ ತನ್ನ ಸಾಲಿನ ಕೆಳಗೆ ತಾರೀಖು ಹಾಕಿ ನನಗೆ ಕೊಟ್ಟಳು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಇದಾದ ಮೇಲೆ ಒಂದು ಅಂಕಿ ಆಟ ಆಡಿಸುತ್ತೇನೆ. 1960ರಲ್ಲಿ ಪೀಟರ್ ವಾಸನ್ ಎಂಬ ಮನಶ್ಶಾಸ್ತ್ರಜ್ಞ ಮಾಡಿದ ಪ್ರಯೋಗ ಅದು. 2, 4, 6 ನನ್ನ ನಿಯಮಕ್ಕೆ ಹೊಂದುತ್ತವೆ, ನಿಯಮ ಏನು? ಮಕ್ಕಳು 8, 10, 12 ಅಂತಾರೆ, ಹೌದು. 20, 22, 24, ಹೌದು. "ಎರಡೆರಡು ಕೂಡೋದು" ಅಂತ ಕೂಗ್ತಾರೆ, ತಪ್ಪು. ನಿಯಮ ಇಷ್ಟೇ, ಸಂಖ್ಯೆ ಏರುತ್ತಾ ಹೋಗಬೇಕು. 3, 7, 50 ಕೇಳಿದವರಿಗೆ ಮಾತ್ರ ದಾರಿ ಸಿಗುತ್ತದೆ. ವಾಸನ್ ಅವರ 29 ವಿದ್ಯಾರ್ಥಿಗಳಲ್ಲಿ ಒಂದೂ ತಪ್ಪು ನಿಯಮ ಹೇಳದೆ ಸರಿ ಉತ್ತರ ಮುಟ್ಟಿದವರು 6 ಮಂದಿ. ಆಟವನ್ನೇ ಮೊದಲು ಆಡಿಸಿದರೆ ಅದು ಬರೀ ಗಣಿತ ಅನ್ನಿಸಿಬಿಡುತ್ತದೆ, ಹಾಗಾಗಿ ಒನಕೆ ಮೊದಲು.

ಒಂದು ಎಚ್ಚರಿಕೆ. ಒಬ್ಬ ಹುಡುಗನ ತಂದೆ ಬಂದು, "ಇವನು ಅಜ್ಜಿಗೆ ಎದುರು ಮಾತಾಡ್ತಾನೆ ಸರ್" ಅಂತ ಬೇಜಾರು ಮಾಡಿಕೊಂಡರು. ತಪ್ಪು ನನ್ನದೇ. ಅವತ್ತಿಂದ ಮನೆಯಲ್ಲಿ ಯಾರಿಗೂ "ಸುಳ್ಳು" ಅನ್ನಬಾರದು, ಕೇಳಬೇಕು ಅಷ್ಟೇ ಅಂತ ಹೇಳಿಕೊಡುತ್ತೇನೆ. ಆ ಹುಡುಗ ಹೋಗಿ, "ಅಜ್ಜಿ, ಬೇರೆ ದಿನ ನಿಲ್ಸಿ ನೋಡಿದ್ದೀಯಾ?" ಅಂತ ಕೇಳಿದನಂತೆ. ಅಜ್ಜಿ ಎದ್ದು ಹೋಗಿ ಒನಕೆ ತಂದರಂತೆ.

ಮೊನ್ನೆ ಒಬ್ಬಳು ನನ್ನನ್ನೇ ಹಿಡಿದಳು. "ಬೆಳಿಗ್ಗೆ ಓದಿದರೆ ಜಾಸ್ತಿ ನೆನಪಿರುತ್ತೆ ಅಂತೀರಲ್ಲ ಸರ್, ರಾತ್ರಿ ಓದೋರನ್ನ ಕೇಳಿದ್ದೀರಾ?" ಕೇಳಿರಲಿಲ್ಲ. ನಾಲ್ಕು ಮನೆ ಎಳೆದು ಬೋರ್ಡಿನ ಮೂಲೆಯಲ್ಲಿ ಬಿಟ್ಟಿದ್ದೇವೆ, ದಿನಾ ಒಂದಿಷ್ಟು ತುಂಬುತ್ತಿದ್ದೇವೆ.